ಕಡಪತ್ರ

ಪಂಚಾಯತಿನ ನೋಟೀಸು ಮಲೆಯಾಳದಲ್ಲಿತ್ತು.
‘ಕಡಪ್ಪತ್ರಂ’ ಎಂಬಲ್ಲಿ ನನ್ನ ಬೆರಳು ನಿಂತಿತು.
ಕಡ ಗೊತ್ತು ನನಗೆ:
ಪಕ್ಕದ ಮನೆಯ ಅರ್ಧ ಲೋಟ ಸಕ್ಕರೆ;
ತಿರುಗಿ ಕೊಡುವಾಗ ಲೋಟದ ಮೇಲೆ
ತುಸು ಗೋಪುರ ಎದ್ದಿರಬೇಕು.
ಕಡವೂ ಗೊತ್ತು:
ಶಿರಿಯಾ ಹೊಳೆ, ಅಂದುಂಞಿಯ ದೋಣಿ,
ಆಚೆ ದಡದಲ್ಲಿ ಶಾಲೆಯ ಗಂಟೆ.
ಪತ್ರ ಮಾತ್ರ ಹೊಸತು.

“ಮನೆಮನೆಗೆ ಹೋಗಿ ಓದಿ ಹೇಳಿ,
ಕೇಳಿ ಬರೆದು ತನ್ನಿ” ಎಂದರು ಸೆಕ್ರೆಟರಿ.
ನೂರ ನಲವತ್ತು ಫಾರಮು, ಎರಡು ಪೆನ್ನು,
ದಿನಕ್ಕೆ ಇನ್ನೂರು ರೂಪಾಯಿ, ಊಟ ನಮ್ಮದೇ.
ಹೊಳೆಗೆ ಸೇತುವೆ, ಪೇಟೆಗೆ ಚರಂಡಿ,
ಸ್ಮಶಾನಕ್ಕೊಂದು ಮಾಡು:
ಊರು ಸಾಲ ಎತ್ತಿ ಕಟ್ಟಿಸಲೋ, ಬಿಡಲೋ?
ಮೂರು ಚೌಕ.
ಬೇಕು. ಬೇಡ. ಅಭಿಪ್ರಾಯವಿಲ್ಲ.

ಅಭಿಪ್ರಾಯವಿಲ್ಲದವರು ಒಬ್ಬರೂ ಸಿಗಲಿಲ್ಲ.

ಮೋನಪ್ಪ ಬೆಳ್ಚಪ್ಪಾಡರು ವೀಳ್ಯದೆಲೆಯ ನರ ತೆಗೆಯುತ್ತ
“ಸಾಲ ತಕ್ಕೊಂಡವ ಸತ್ತರೆ?” ಅಂದರು.
ಪಂಚಾಯತು ಸಾಯುವುದಿಲ್ಲ ಎಂದೆ.
“ಸಾಯದವನಿಗೆ ಸಾಲ ಕೊಡಬಾರದು.
ತೀರಿಸುವ ಅವಸರ ಇರುವುದಿಲ್ಲ ಅವನಿಗೆ.”

ಈ ಪತ್ರ ನಾವೂ ಕೊಳ್ಳಬಹುದಂತೆ,
ಹತ್ತು ಸಾವಿರದಿಂದ ಮೇಲೆ, ಎಂದದ್ದೇ
ಬೀಫಾತುಮ್ಮನ ಮೊರದಿಂದ ಬೀಡಿ ಚೆಲ್ಲಿದವು, ಅಷ್ಟು ನಗು.
“ಊರಿಗೆ ನಾನು ಸಾಲ ಕೊಡುವುದಾ ಮಾರಾಯ್ತಿ?
ಆಮೇಲೆ ನನ್ನನ್ನು ಕಂಡರೆ
ಊರು ಬೇರೆ ದಾರಿ ಹಿಡಿದೀತು!”
ಹೆಕ್ಕಿ ಮುಗಿದ ಮೇಲೆ, ದನಿ ತಗ್ಗಿಸಿ,
ಬಡ್ಡಿ ಬೇಡ ಅಂತ ಬರೆಯಲಿಕ್ಕೆ ಆಗುತ್ತದಾ, ಕೇಳಿದರು.
ಅದಕ್ಕೆ ಚೌಕ ಇರಲಿಲ್ಲ.

ಲಿಲ್ಲಿ ಕ್ರಾಸ್ತಾ ಬೆರಳು ಮಡಚಿ ಲೆಕ್ಕ ಹಾಕಿದಳು.
“ಇಪ್ಪತ್ತು ವರ್ಷ ಅಂದರೆ ತೀರಿಸುವವನು ಇವನು.
ಇವನನ್ನು ಕೇಳಿದಿರಾ?”
ತೊಟ್ಟಿಲು ನನ್ನತ್ತ ತಿರುಗಿಸಿದಳು.
ಅವನ ಹೆಬ್ಬೆಟ್ಟು ಅವನ ಬಾಯೊಳಗೇ ಇತ್ತು,
ರುಜುವಿಗೆ ಸಿಗುವಂತಿರಲಿಲ್ಲ.

ಐತೆ ಒಳಗೆ ಕರೆಯಲಿಲ್ಲ, ಜಗಲಿಯಲ್ಲೇ ಹೇಳಿದಳು:
ಹೋದ ಆಟಿಯಲ್ಲಿ ಅವರನ್ನು ಸುಡುವಾಗ
ನಾಲ್ಕು ಜನ ಟಾರ್ಪಾಲು ಎತ್ತಿ ಹಿಡಿದು ನಿಂತಿದ್ದರು,
ಬೆಳಗಾಗುವ ತನಕ,
ಒಬ್ಬನ ಕೂದಲು ಸುಟ್ಟಿತು.
ಮಾಡು ಆಗಲಿ.
ಎಷ್ಟು ಸಾಲ ಅಂತ ಅವಳು ಕೇಳಲಿಲ್ಲ.

ಸಂಜೆ ಕಡವಿಗೆ ಬಂದಾಗ ನನ್ನ ಕೈಯಲ್ಲಿ ಚಿಲ್ಲರೆ ಇಲ್ಲ.
“ಕಡ ಇರಲಿ” ಅಂದ ಅಂದುಂಞಿ,
ದೋಣಿಯ ಒಳಹಲಗೆಗೆ ಸೀಮೆಸುಣ್ಣದ ಒಂದು ಗೆರೆ.
ಅಲ್ಲಿನ ಹಳೆಯ ಗೆರೆಗಳಲ್ಲಿ ಅರ್ಧವನ್ನು
ನೀರೇ ಮನ್ನಾ ಮಾಡಿತ್ತು.

ಅವನ ಫಾರಮು ಕಟ್ಟಿನ ಅಡಿಯಲ್ಲಿತ್ತು.
ಮೂರು ದಿನದಿಂದ ನಾನೇ
ಅಡಿಗೆ ಅಡಿಗೆ ತಳ್ಳುತ್ತ ಬಂದದ್ದು.
ಸೇತುವೆ ಆದರೆ ದೋಣಿ ಏನಾಗುತ್ತದೆ
ಎಂದು ನಾನು ಎತ್ತಲಿಲ್ಲ. ಅವನೂ.

“ಎಷ್ಟು ಕಂಬ?”
ಏಳಂತೆ. ನಕ್ಷೆ ಉಂಟು, ತೋರಿಸಲಾ?
ಬೇಡವೆಂದು ತಲೆಯಾಡಿಸಿ
ಹೊಳೆಯ ನಡುವೆ ಬಿದಿರ ಗಳ ಇಳಿಸಿದ.
ಇಳಿಯಿತು, ಇಳಿಯಿತು,
ಅವನ ಮಣಿಕಟ್ಟು ಒದ್ದೆಯಾಗುವವರೆಗೆ.

“ಮೂರನೆಯದು ಇಲ್ಲಿ ಬರುತ್ತದೆ.
ಮೇಲೆ ಹೊಯಿಗೆ, ಅಡಿಯಲ್ಲಿ ಬರೀ ಕೆಸರು.
ನನ್ನ ಉಪ್ಪನ ಗಳಕ್ಕೂ ಇಲ್ಲಿ ನೆಲ ಸಿಕ್ಕಿಲ್ಲ.
ಹತ್ತು ಮಾರು ಮೇಲಕ್ಕೆ ಹೋದರೆ ಕಲ್ಲುಂಟು.
ಬರೆ.”

ಬೇಕು ಅಂತಲಾ, ಬೇಡ ಅಂತಲಾ?

“ನಿಲ್ಲಬೇಕು ಅಂತ.”

ಚೌಕಗಳನ್ನು ಬಿಟ್ಟು ಅಂಚಿನಲ್ಲಿ ಬರೆದೆ,
ಕನ್ನಡದಲ್ಲಿ ಒಮ್ಮೆ,
ನನ್ನ ಕುಂಟು ಮಲೆಯಾಳದಲ್ಲಿ ಇನ್ನೊಮ್ಮೆ,
ದೋಣಿ ಅಲುಗಿ ಎರಡೂ ಸೊಟ್ಟ:
ಮೂರನೆಯ ಕಂಬದ ವಿಷಯ
ಅಂದುಂಞಿಯನ್ನು ಕೇಳುವುದು.